ಅಪ್ಪ ಅನ್ನಬಹುದಾದ ಆರು ದಿನ

ಬಸ್ಸು ತಿರುವಿನಲ್ಲಿ ಮರೆಯಾದದ್ದೇ ತಡ, ಅಮ್ಮ ಮೂರು ವಾರಗಳ ನಂತರ ಮೊದಲ ಸಲ ಅಪ್ಪನನ್ನು 'ರೀ' ಎಂದು ಕರೆದಿದ್ದಳು. ಅದಾಗಿ ಇವತ್ತಿಗೆ ಐದು ದಿನ. ನಾಳೆ ಹತ್ತು ಗಂಟೆಗೆ ಇನ್ನೊಂದು ಬಸ್ಸು ಬರುತ್ತದೆ. ಇಪ್ಪತ್ತಾರು ಸ್ವಯಂಸೇವಕರು ಇಳಿಯುತ್ತಾರೆ. ಅಪ್ಪ ಮತ್ತೆ 'ಬಡಗಿಯವರು' ಆಗುತ್ತಾನೆ, ಅಮ್ಮ 'ಅಡುಗೆಯವರು', ಅಜ್ಜಿ 'ಆ ಹಿರಿಯರು', ಮಗಳಾದ ಅವಳು 'ಆಫೀಸಿನ ಹುಡುಗಿ'. ಮಿಶನ್ ಶಾಲೆಯ ದೊಡ್ಡ ಹಾಲಿನಲ್ಲಿ, ತಲೆಕೆಳಗಾಗಿ ಮಲಗಿಸಿದ ಬೆಂಚೊಂದರ ಕಾಲಿಗೆ ಉಪ್ಪುಕಾಗದ ತಿಕ್ಕುತ್ತ ಕೂತಿದ್ದ ಅವಳಿಗೆ, ಈ ಐದು ದಿನಗಳಲ್ಲಿ ತಾನು ಒಂದು ಸಲವೂ ಅಪ್ಪ ಎಂದು ಕರೆದಿಲ್ಲವೆಂಬುದು ಹೊಳೆದು ಕೈ ನಿಂತಿತು. 'ಇಲ್ನೋಡು', 'ಇಷ್ಟು ಸಾಕಾ', 'ತಗೋ' ಎಂದು ಆ ಪದದ ಸುತ್ತ ದಾರಿ ಮಾಡಿಕೊಂಡು ಓಡಾಡಿದ್ದಳು. ಹಿಂದೆಲ್ಲ ಹೀಗಿರಲಿಲ್ಲ. ಬಸ್ಸು ಹೋದ ಮರುಕ್ಷಣವೇ, ಮೂರು ವಾರ ಉಸಿರು ಬಿಗಿಹಿಡಿದವಳ ಹಾಗೆ, ಯಾವ ಕಾರಣವೂ ಇಲ್ಲದೆ ಅಪ್ಪಾ, ಅಪ್ಪಾ ಎಂದು ಕರೆದುಕೊಂಡು ಹಿಂದೆ ಮುಂದೆ ಸುತ್ತುತ್ತಿದ್ದಳು. ಅವನು "ಏನಮ್ಮ, ಹೇಳಮ್ಮ, ಕಿವಿ ಇಲ್ಲೇ ಇದೆ" ಎನ್ನುತ್ತಿದ್ದ. ಈ ಸಲ ಅವನೂ ಏನೂ ಕೇಳಿರಲಿಲ್ಲ. ಕೇಳದಿರುವುದು ಅವನ ಸ್ವಭಾವವೋ, ಅಥವಾ ಅವನಿಗೆ ತನ್ನ ಆ ಮಾತು ಕೇಳಿಸಿತ್ತೋ ಎಂಬುದೇ ಐದು ದಿನಗಳಿಂದ ಅವಳನ್ನು ಕೊರೆಯುತ್ತಿದ್ದದ್ದು.

ಸ್ವಯಂಸೇವಕರ ತಂಡ ಇರುವಾಗ ಮನೆಯವರು ಯಾರೂ ಯಾರಿಗೂ ಏನೂ ಆಗಬಾರದು ಎಂಬುದು ಅವರ ಮನೆಯ ಕಾನೂನು. ಅವಳಿಗೆ ಏಳು ವರ್ಷವಿದ್ದಾಗ ಬಂದುಹೋದ ಒಂದು ತಂಡದ ಮುಖ್ಯಸ್ಥರು ಮಿಶನ್ನಿಗೆ ಪತ್ರ ಬರೆದು, ಅಲ್ಲಿ ಮಿಶನ್ ಎಲ್ಲಿ ಮುಗಿಯುತ್ತದೆ, ಒಂದು ಮನೆಯವರ ಸಂಸಾರ ಎಲ್ಲಿ ಶುರುವಾಗುತ್ತದೆ ತಿಳಿಯುವುದಿಲ್ಲ ಎಂದಿದ್ದರಂತೆ. ಪಾದ್ರಿಗಳು ಅಪ್ಪನನ್ನು ಕರೆದು "ತಂಡ ಇರೋವಾಗ ಮಾತ್ರ ಸ್ವಲ್ಪ ನೋಡ್ಕೊಳ್ಳಿ" ಎಂದರಂತೆ. ಅಪ್ಪ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಮೂವರನ್ನೂ ಕೂರಿಸಿಕೊಂಡು, ಇನ್ನು ಮುಂದೆ ತಂಡ ಇರುವಷ್ಟು ದಿನ ಕೆಲಸದ ಹೆಸರಿನಿಂದಲೇ ಕರೆಯತಕ್ಕದ್ದು ಎಂದ. ಏಳು ವರ್ಷದವಳಿಗೆ ಮೊದಲು ಅದು ಆಟದ ಹಾಗಿತ್ತು. ಎರಡನೆಯ ದಿನವೇ ಬಾವಿಕಟ್ಟೆಯ ಹತ್ತಿರ ಬಿದ್ದು ಮೊಣಕಾಲು ತರಚಿಕೊಂಡು, ಎಲ್ಲರೆದುರು ಅಪ್ಪಾ ಎಂದು ಕೂಗಿದಳು. ಹತ್ತು ಹೆಜ್ಜೆ ದೂರದಲ್ಲಿ ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ ಬೆನ್ನು ಒಂದು ಗಳಿಗೆ ಗಟ್ಟಿಯಾಯಿತು, ತಿರುಗಲಿಲ್ಲ. ತಂಡದ ಹೆಂಗಸೊಬ್ಬರು ಓಡಿಬಂದು ಎತ್ತಿಕೊಂಡರು. ಆ ಬೆನ್ನನ್ನು ಅವಳು ಎಷ್ಟೋ ವರ್ಷ ಮರೆತಿರಲಿಲ್ಲ. ಆಮೇಲೆ ದೊಡ್ಡವಳಾಗಿ, ಪದವಿ ಮುಗಿಸಿ, ಅದೇ ಮಿಶನ್ನಿನ ಆಫೀಸಿನಲ್ಲಿ ಪತ್ರ ಬರೆಯುವ ಕೆಲಸಕ್ಕೆ ಬಂದ ಮೇಲೆ, ತಿರುಗದೇ ಇರಲು ಅವನಿಗೆ ಎಷ್ಟು ಶಕ್ತಿ ಬೇಕಾಗಿರಬಹುದು ಎಂದು ಯೋಚಿಸಿ, ಅದರ ಬಗ್ಗೆಯೂ ಹೆಮ್ಮೆಪಟ್ಟಿದ್ದಳು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನಾರ ಮನೆಯಲ್ಲಿದ್ದಾನೆ?

"ಏ ಪಿಸುಮಾತು, ಆ ಕಾಲು ಸವೆದು ಕಡ್ಡಿಯಾಯ್ತು, ಬಿಡೇ," ಎಂದಳು ಅಜ್ಜಿ. ಮೊಮ್ಮಗಳು ಮಾತಾಡಿದರೆ ಪಕ್ಕದಲ್ಲಿದ್ದವರಿಗೂ ಕೇಳಿಸುವುದಿಲ್ಲವೆಂದು ಅಜ್ಜಿ ಇಟ್ಟ ಹೆಸರು ಅದು. ಅಜ್ಜಿ ಗೋಡೆ ಪಕ್ಕದ ಬೆಂಚಿನ ನಟ್ಟನಡುವೆ, ತುಂಬಿದ ನೀರಿನ ಲೋಟವೊಂದನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಹೋದ ತಂಡ ಮಾಡಿಹೋದದ್ದು ಇಪ್ಪತ್ತನಾಲ್ಕು ಬೆಂಚು. ಎಲ್ಲರೂ ಒಳ್ಳೆಯವರೇ, ದೂರದ ಊರುಗಳಲ್ಲಿ ಬ್ಯಾಂಕು, ಕಾಲೇಜು, ಅಂಗಡಿಗಳಲ್ಲಿ ಕೆಲಸ ಮಾಡುವವರು, ರಜೆ ಹಾಕಿ ಬಂದವರು. ಬೆರಳಿಗೆ ಸುತ್ತಿಗೆ ಬಿದ್ದರೂ ನಕ್ಕವರು. ಆದರೆ ನಾಲ್ಕು ಕಾಲು ಒಟ್ಟಿಗೆ ನೆಲ ಮುಟ್ಟುವಂತೆ ಮಾಡುವುದು ಒಳ್ಳೆಯತನದಿಂದ ಆಗುವ ಕೆಲಸವಲ್ಲ. ಆದ್ದರಿಂದ ಪ್ರತಿ ತಂಡ ಹೋದ ಮೇಲೂ ಅಪ್ಪ ಅವರು ಮಾಡಿದ್ದನ್ನೆಲ್ಲ ಒಂದೊಂದಾಗಿ ತಿರುಗಿಸಿ, ಮೂಲೆಮಟ್ಟ ಹಿಡಿದು, ಉದ್ದವಾದ ಕಾಲನ್ನು ಕೂದಲೆಳೆಯಷ್ಟು ಕೀಸಿ, ಸಡಿಲವಾದ ಕೀಲಿಗೆ ಸಣ್ಣ ಬೆಣೆ ಬಡಿದು, ಮುಂದಿನ ತಂಡ ಬರುವುದರೊಳಗೆ ಸರಿ ಮಾಡುತ್ತಿದ್ದ. ಸರಿ ಮಾಡಿದ ಗುರುತಿಗೆ ಒಳಬದಿಯಲ್ಲಿ ಪೆನ್ಸಿಲಿನಿಂದ ಒಂದು ಚಿಕ್ಕ ಗೆರೆ. ಅದರ ಪಕ್ಕದಲ್ಲಿ, ಮಾಡಿದವರ ಹೆಸರು, ಊರು, ತಾರೀಖು ದೊಡ್ಡ ಅಕ್ಷರಗಳಲ್ಲಿ. ಅಪ್ಪನ ಗೆರೆ ಹುಡುಕಿದರೆ ಮಾತ್ರ ಸಿಗುವಂಥದ್ದು. ಕೊನೆಗೆ ಅಜ್ಜಿ ಬಂದು ಕೂತು, ಪಕ್ಕದಲ್ಲಿ ಲೋಟ ಇಟ್ಟು, ಮೈಯನ್ನು ಆಚೆ ಈಚೆ ತೂಗಬೇಕು; ಒಂದು ತೊಟ್ಟು ಚೆಲ್ಲಿದರೂ ಬೆಂಚು ವಾಪಸ್ಸು. ಅಪ್ಪನ ಹತ್ತಿರ ರಸಮಟ್ಟ ಇತ್ತು, ಆದರೆ ಅಜ್ಜಿ ಅದನ್ನು ನಂಬುತ್ತಿರಲಿಲ್ಲ. "ಆ ಗಾಜಿನ ಗುಳ್ಳೆ ಮಕ್ಕಳ ಹಾಗೆ ಕೂತ್ಕೊಳುತ್ತಾ? ನಾನು ಕೂತ್ಕೋತೀನಿ," ಎನ್ನುತ್ತಿದ್ದಳು. ಇಪ್ಪತ್ತೆರಡು ಬೆಂಚು ಪಾಸಾಗಿದ್ದವು. ಇಪ್ಪತ್ತಮೂರನೆಯದು ಮೊಮ್ಮಗಳ ಕೈಯಲ್ಲಿತ್ತು. ಇಪ್ಪತ್ತನಾಲ್ಕನೆಯದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿತ್ತು, ಮತ್ತು ಅವಳು ಅದರ ಕಡೆ ನೋಡುತ್ತಿರಲಿಲ್ಲ.

ಅದನ್ನು ಮಾಡಿದ್ದು ಅವಳೇ, ತಂಡದ ಹುಡುಗಿಯೊಬ್ಬಳ ಜೊತೆ. ಕನ್ನಡಕದ, ಎಲ್ಲದಕ್ಕೂ ಜೋರಾಗಿ ನಗುವ, ಅವಳದೇ ವಯಸ್ಸಿನ ಹುಡುಗಿ. ಕೊನೆಯ ವಾರ ಜೊತೆಗಾರ್ತಿಗೆ ಹುಷಾರು ತಪ್ಪಿತೆಂದು ಆಫೀಸಿನಿಂದ ಅವಳನ್ನೇ ಎಳೆದುಕೊಂಡು ಬಂದು, "ನೀವು ಹಿಡ್ಕೊಳ್ಳಿ, ನಾನು ಹೊಡೀತೀನಿ" ಎಂದಿದ್ದಳು. ಸಂಜೆಯಾಗುವಷ್ಟರಲ್ಲಿ ಹಿಡಿದುಕೊಂಡವಳೇ ಹೊಡೆಯುತ್ತಿದ್ದಳು, ಕೀಸುತ್ತಿದ್ದಳು, ಆ ಹುಡುಗಿ ಪಕ್ಕದಲ್ಲಿ ಕೂತು ತಾನು ಓದಿದ ಪುಸ್ತಕಗಳ ಕಥೆ ಹೇಳುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ಯಾರೂ ಅವಳ ಜೊತೆ ಪುಸ್ತಕದ ಮಾತಾಡಿರಲಿಲ್ಲ. ಮೂರನೆಯ ದಿನ, ಮಧ್ಯಾಹ್ನ, ಆ ಹುಡುಗಿ ಹಠಾತ್ತನೆ ದನಿ ತಗ್ಗಿಸಿ, "ಅವರ್ಯಾರು? ಆಗಿನಿಂದ ನಿಮ್ಮನ್ನೇ ನೋಡ್ತಿದ್ದಾರೆ" ಎಂದಳು. ತಿರುಗಿ ನೋಡಿದರೆ, ಮೂರು ಬೆಂಚಿನಾಚೆ, ಇನ್ನಾರದೋ ಬೆಂಚಿನಡಿ ಅಂಗಾತ ಮಲಗಿ, ಕತ್ತು ಹೊರಳಿಸಿ, ಕಂಕುಳಲ್ಲಿ ಹರಿದ ಅಂಗಿ, ಕೂದಲ ತುಂಬ ಮರದ ಪುಡಿ, ಕಿವಿಯ ಮೇಲೆ ಪೆನ್ಸಿಲ್, ಅಪ್ಪ. ಅವಳ ಕೆನ್ನೆ ಬಿಸಿಯಾಯಿತು. "ಅವರಾ? ಇಲ್ಲಿಯ ಬಡಗಿ," ಎಂದಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಕಾನೂನು. ಆದರೆ ನಿಲ್ಲಿಸಲಿಲ್ಲ. "ಸ್ವಲ್ಪ ವಿಚಿತ್ರ ಮನುಷ್ಯ," ಎಂದೂ ಸೇರಿಸಿದಳು, ಮತ್ತು ನಕ್ಕಳು. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿದವಳು ಆ ಮೂರು ಪದಗಳನ್ನು ಮಾತ್ರ ಯಾರಿಗಾದರೂ ಕೇಳಿಸುವಂತೆ ಹೇಳಿದ್ದಳು. ಆ ದಿನದ ಎಲ್ಲವನ್ನೂ ರಾತ್ರಿ ಡೈರಿಯಲ್ಲಿ ಬರೆದಳು, ಹುಡುಗಿ ಹೇಳಿದ ಕಥೆ, ಕೀಸುಳಿಯಿಂದ ಸುರುಳಿಯಾಗಿ ಎದ್ದ ಮರದ ಸಿಪ್ಪೆ, ಹಾಲಿನ ಬಿಸಿಲು. ಆ ಮಾತನ್ನು ಬಿಟ್ಟು. ಬರೆಯದೇ ಇದ್ದದ್ದೇ ಆ ಪುಟದಲ್ಲಿ ಎದ್ದು ಕಾಣುತ್ತಿತ್ತು.

"ಬೆಂಚಿಗೆ ಬೆಣ್ಣೆ ಹಚ್ಚಿದ್ದು ಸಾಕು, ಬಾರೇ, ಈ ತುದಿ ಹಿಡ್ಕೋ," ಎಂದು ಅಮ್ಮ ಅಂಗಳದಿಂದ ಕೂಗಿದಳು. ಹಗ್ಗಗಳ ಮೇಲೆ ಐವತ್ತೆರಡು ಹಾಸಿಗೆ ಬಟ್ಟೆ, ಹಾಲಿನಿಂದ ಅಡುಗೆಮನೆಯವರೆಗೂ. ಇಬ್ಬರೂ ಎದುರುಬದುರು ನಿಂತು ತುದಿ ಹಿಡಿದು, ಜಾಡಿಸಿ, ಹತ್ತಿರ ಬಂದು, ಮೂಲೆಗೆ ಮೂಲೆ ಕೂಡಿಸಿ, ಮತ್ತೆ ದೂರ ಹೋಗುವುದು. ಅಮ್ಮನಿಗೆ ಮಡಿಕೆಯ ಅಂಚು ಒಂದು ನೂಲು ಆಚೆ ಈಚೆ ಆಗಕೂಡದು. ಈರುಳ್ಳಿ ಚೀಲ ಬಂತು, ಆಲೂಗಡ್ಡೆ ಬಂದಿಲ್ಲ, ನೀರಿನ ಟ್ಯಾಂಕಿಗೆ ನಿನ್ನಪ್ಪ ಇಳಿದು ತೊಳೆದಿದ್ದಾರೆ ಆದರೆ ಮುಚ್ಚಳ ಹಾಕಿಲ್ಲ, ಒಂದನೇ ನಂಬರಿನ ಕೋಣೆಯಿಂದ ಅಜ್ಜಿಯನ್ನು ಹೊರಡಿಸಬೇಕು: ಅಮ್ಮ ಪಟ್ಟಿ ಒಪ್ಪಿಸುತ್ತಲೇ ಇದ್ದಳು. ತಂಡವಿಲ್ಲದ ಆರು ದಿನ ಅಜ್ಜಿ ಅತಿಥಿಗಳ ಕೋಣೆಯ ದೊಡ್ಡ ಮಂಚದ ಮೇಲೆ, ಕಿಟಕಿ ಪಕ್ಕ ಮಲಗುತ್ತಿದ್ದಳು. ಅವರೆಲ್ಲ ದೊಡ್ಡ ಊಟದ ಮೇಜಿನ ಒಂದು ಮೂಲೆಯಲ್ಲಿ ಕೂತು, ಬಡಿಸಿಕೊಂಡು, ಜೋರಾಗಿ ಜಗಳವಾಡಿಕೊಂಡು ಉಣ್ಣುತ್ತಿದ್ದರು. ನಾಳೆಯಿಂದ ಉಗ್ರಾಣದ ಹಿಂದಿನ ಎರಡು ಕೋಣೆ. "ನಿಮ್ಮತ್ತೆನ ನೀನೇ ಎಬ್ಬಿಸು," ಎಂದಳು ಮಗಳು. "ನನ್ನಿಂದಾಗಲ್ಲಮ್ಮ. ಹೋದ್ಸಲ ಏನಂದ್ರು ಗೊತ್ತಾ? ಬರೋರಿಗೆ ನೀನು ಜಾಗ ಇಲ್ಲ ಅಂತ ಕಾಗದ ಬರಿ, ನಾನಿಲ್ಲೇ ಇರ್ತೀನಿ ಅಂದ್ರು." ಅಮ್ಮ ನಗುತ್ತ ಬಟ್ಟೆಯ ತುದಿಯನ್ನು ಅವಳ ಕೈಗೆ ಸೇರಿಸಿದವಳು ಹಾಗೇ ಆ ಕೈ ಹಿಡಿದುಕೊಂಡಳು. ಅಂಗೈಯಲ್ಲಿ, ಬೆರಳಿನ ಬುಡದಲ್ಲಿ, ಎರಡು ಗಟ್ಟಿ ಗುಳ್ಳೆ. "ನಿಮ್ಮಪ್ಪಂಗೂ ಇಲ್ಲೇ ಇದೆ," ಎಂದಳಷ್ಟೆ. ಅವಳು ಕೈ ಎಳೆದುಕೊಂಡಳು.

ಪಾದ್ರಿಗಳು ಬಂದದ್ದು ಆಗಲೇ, ನಿಧಾನವಾಗಿ, ಹಾಸಿಗೆ ಬಟ್ಟೆಗಳನ್ನು ಪರದೆಯ ಹಾಗೆ ಸರಿಸುತ್ತ. ತೀರ ವಯಸ್ಸಾಗಿದೆ, ಒಂದು ಕಿವಿ ಮಂದ. ನಾಳಿನ ತಂಡದ ಮುಖ್ಯಸ್ಥೆ ಫೋನ್ ಮಾಡಿದ್ದರಂತೆ, ಬಂದ ಕೂಡಲೇ ಹಾಲಿನಲ್ಲಿ ಎಲ್ಲರೂ ಸೇರಿ, ಇಲ್ಲಿ ಕೆಲಸ ಮಾಡುವವರ ಪರಿಚಯ ಆಗಬೇಕಂತೆ. "ನನ್ನ ದನಿ ಮೂರನೇ ಸಾಲಿಗೂ ಹೋಗಲ್ಲ. ನೀನು ಮಾಡಿಸು," ಎಂದರು. ಅವಳ ದನಿ ಮೊದಲ ಸಾಲಿಗೂ ಹೋಗುವುದಿಲ್ಲವೆಂದು ಹೇಳಬೇಕೆನಿಸಿತು. ಬದಲಿಗೆ, "ಬಡಗಿ, ಅಡುಗೆಯವರು, ಹಾಗೆ ಹೇಳಿದ್ರೆ ಸಾಕಲ್ವಾ ಫಾದರ್?" ಎಂದು ಕೇಳಿದಳು.

"ಏನು?"

"ಬಡಗಿ ಅಂತ ಹೇಳ್ಲಾ ಅಂದೆ."

"ನಿಮ್ಮಪ್ಪ ಅಂತ ಹೇಳಮ್ಮ. ಹೆತ್ತ ತಂದೇನ ಬಡಗಿ ಅಂತ ಯಾರಾದ್ರೂ ಪರಿಚಯ ಮಾಡಿಸ್ತಾರಾ?"

"ಅದು... ನಿಯಮ ಇದೆಯಲ್ಲ."

"ಯಾವ ನಿಯಮ?"

ಅವಳು ಹೇಳಿದಳು, ಪತ್ರ, ನೋಡಿಕೊಳ್ಳಿ ಎಂದದ್ದು, ಹದಿನೈದು ವರ್ಷ. ಎರಡು ಸಲ ಹೇಳಬೇಕಾಯಿತು, ಒಳ್ಳೆಯ ಕಿವಿಯ ಕಡೆ ಬಂದು. ಪಾದ್ರಿಗಳು ನೆನಪಿಸಿಕೊಂಡು, ಭುಜ ಕುಲುಕುವಂತೆ ನಗತೊಡಗಿದರು. "ಅಯ್ಯೋ, ಅದಾ? ನಿಮ್ಮಜ್ಜಿ ಅತಿಥಿಗಳು ಹೊರಗೆ ಹೋದಾಗ ಅವರ ಪೆಟ್ಟಿಗೆ ತೆಗೆದು ಬಟ್ಟೆ ಎಲ್ಲಾ ಮಡಿಸಿಡ್ತಿದ್ರು. ಒಬ್ಬರ ಹರಿದ ಕಾಲ್ಚೀಲಾನೂ ಹೊಲಿದಿಟ್ರಂತೆ. ಅವರಿಗೆ ಮುಜುಗರ ಆಯ್ತು. ಅದನ್ನ ಸ್ವಲ್ಪ ನೋಡ್ಕೊಳ್ಳಿ ಅಂದೆ. ನಿಮ್ಮನೆಯವರು ತಂಡ ಬಂದಾಗ ಯಾಕೆ ಹೀಗೆ ಬಿಗಿದ್ಕೊಳ್ತೀರಿ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೀನಿ. ಜಗಳ ಇರಬಹುದು ಅಂತ ಕೇಳ್ಲಿಲ್ಲ." ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಅವಳ ಮುಖದ ಮೇಲೆ ಮೊದಲು ನಗು ಬಂತು, ಆಮೇಲೆ ಇನ್ನೇನೋ.

ಹಾಗಾದರೆ ಕಾನೂನೇ ಇರಲಿಲ್ಲ. ಹಾಲಿನ ಕಡೆ ನಡೆಯುತ್ತ ಅವಳು ಯೋಚಿಸಿದ್ದು ಹದಿನೈದು ವರ್ಷಗಳ ಬಗ್ಗೆಯಲ್ಲ, ಬಾವಿಕಟ್ಟೆಯ ಬಗ್ಗೆಯೂ ಅಲ್ಲ. ಕಾನೂನು ಇದ್ದಷ್ಟು ದಿನ ಆ ಮಾತಿನ ಅರ್ಧ ಭಾಗವಾದರೂ ಕಾನೂನಿನದಾಗಿತ್ತು. ಬಡಗಿ ಎಂದದ್ದು ಅದರ ಪಾಲು, ವಿಚಿತ್ರ ಮನುಷ್ಯ ಎಂದದ್ದು ತನ್ನ ಪಾಲು ಎಂದು ಹಂಚಿಕೊಂಡು ಹೇಗೋ ನಿದ್ದೆ ಮಾಡುತ್ತಿದ್ದಳು. ಈಗ ಎರಡೂ ಅವಳದೇ. ಹಾಲಿನ ಬಾಗಿಲಲ್ಲಿ ನಿಂತಳು. ಅಪ್ಪ ಇಪ್ಪತ್ತಮೂರನೆಯ ಬೆಂಚನ್ನು ನೆಟ್ಟಗೆ ನಿಲ್ಲಿಸಿದ್ದ. ಅಜ್ಜಿ ಅದರ ಮೇಲೆ ಕೂತು, ಮೊಮ್ಮಗಳ ಉಪ್ಪುಕಾಗದದ ಕೆಲಸವನ್ನು ಅಂಗೈಯಿಂದ ಸವರಿ ನೋಡಿ, ಲೋಟವಿಟ್ಟು ತೂಗಿ, "ಹ್ಞೂಂ" ಎಂದಳು. ಪಾಸು. ಇನ್ನು ಮೂಲೆಯದು. ಅಪ್ಪ ಎಳೆಯುವ ಮೊದಲೇ ಅವಳು ಹೋಗಿ ಅದನ್ನು ತಿರುಗಿಸಿ ಮಲಗಿಸಿದಳು. ಒಳಬದಿಯಲ್ಲಿ ಕನ್ನಡಕದ ಹುಡುಗಿಯ ದೊಡ್ಡ ಅಕ್ಷರದಲ್ಲಿ ಇಬ್ಬರ ಹೆಸರೂ ಇತ್ತು. ಪಕ್ಕದಲ್ಲಿ ಅಪ್ಪನ ಗೆರೆ ಎಲ್ಲಿ ಬರುತ್ತದೆಂದು ಕಾಯುತ್ತ, ಕೀಸುಳಿಯನ್ನು ಅವನ ಕಡೆ ಚಾಚಿದಳು.

"ಅದಕ್ಕೆ ಬೇಡ," ಎಂದ ಅಪ್ಪ.

"ಯಾಕೆ?"

"ಬೇಡ ಅಂದ್ರೆ ಬೇಡ. ಎತ್ತಿ ನಿಲ್ಸು. ಅಮ್ಮಾ, ಬಾ ಇಲ್ಲಿ ಕೂತ್ಕೋ."

ಅಜ್ಜಿ ಬಂದು ಕೂತಳು. ಲೋಟಕ್ಕೆ ಇನ್ನೂ ಸ್ವಲ್ಪ ನೀರು ಸುರಿಸಿಕೊಂಡು, ಅಂಚಿನ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿಸಿ, ಪಕ್ಕದಲ್ಲಿಟ್ಟಳು. ಆಚೆ ತೂಗಿದಳು. ಈಚೆ ತೂಗಿದಳು. ಒಂದು ಸಲ ಕಾಲು ಮೇಲೆತ್ತಿ ದೊಪ್ಪೆಂದು ಕೂತಳು. ಉಬ್ಬಿದ ನೀರು ನಡುಗಿತು, ಚೆಲ್ಲಲಿಲ್ಲ. "ಇದನ್ನ ಯಾವಾಗ ಸರಿ ಮಾಡ್ದೆ?" ಎಂದು ಅಜ್ಜಿ ಮಗನನ್ನು ಕೇಳಿದಳು. "ನಾನು ಕೈ ಹಚ್ಚಿಲ್ಲ," ಎಂದ ಅಪ್ಪ. "ಹದಿನೈದು ವರ್ಷದಲ್ಲಿ ನಾನು ಕೈ ಹಚ್ಚದೇ ನಿಂತಿದ್ದು ಇದೊಂದೇ." ಅವನು ಯಾರ ಕಡೆಯೂ ನೋಡದೆ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ. "ಅವತ್ತು ನೋಡ್ತಿದ್ದೆ. ಕೀಸುಳಿ ಹಿಡಿದಾಗ ಎಲ್ಲರೂ ತೋಳಿಂದ ತಳ್ತಾರೆ. ನೀನು ಸೊಂಟದಿಂದ ತಳ್ತಿದ್ದೆ. ಯಾರೂ ಹೇಳ್ಕೊಟ್ಟಿರಲಿಲ್ಲ. ಬೆಂಚಿನಡಿ ಮಲಗಿದ್ದೋನು ಮಾಡೋ ಕೆಲಸ ಮರೆತು ಅದನ್ನೇ ನೋಡ್ತಾ ಇದ್ಬಿಟ್ಟೆ."

ಆ ನೋಟ ಇದಾಗಿತ್ತು. ಇದಕ್ಕೆ ತಾನು ಕೊಟ್ಟ ಹೆಸರು ವಿಚಿತ್ರ.

"ನಿಂಗೆ ಕೇಳಿಸಿತ್ತಾ?" ಎಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

"ಯಾವುದು? ಬಡಗಿ ಅಂದಿದ್ದಾ?" ಅಪ್ಪ ಬೆಂಚಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಕೇಳಿಸ್ತು."

"ಅದಾದ್ಮೇಲೆ?"

"ಅದೂ ಕೇಳಿಸ್ತು. ಅದರಲ್ಲೇನು ಸುಳ್ಳಿದೆ? ವಿಚಿತ್ರಾನೇ." ಅಜ್ಜಿ ನಡುವೆ ಬಾಯಿ ಹಾಕಿದಳು: "ಹುಟ್ಟುತ್ಲೇ ವಿಚಿತ್ರ. ಬೇರೆ ಮಕ್ಕಳು ಅತ್ರೆ ಇದು ತೊಟ್ಟಿಲು ಕುಟ್ಟಿ ನೋಡ್ತಿತ್ತು." ಅಪ್ಪ ನಗಲಿಲ್ಲ, ಆದರೆ ಕೆನ್ನೆ ಸ್ವಲ್ಪ ಅಲುಗಿತು.

ಅವಳು ಪಾದ್ರಿಗಳು ಹೇಳಿದ್ದನ್ನೆಲ್ಲ ಹೇಳಿದಳು. ಅಜ್ಜಿ ಕಾಲ್ಚೀಲದ ಮಾತು ಬಂದಾಗ "ಹೆಬ್ಬೆರಳು ಪೂರಾ ಆಚೆ ಬಂದಿತ್ತು, ಹೊಲೀದೆ ಇನ್ನೇನು ಮಾಡ್ಲಿ" ಎಂದಳು. ಅಪ್ಪ ಮಾತ್ರ ಆಶ್ಚರ್ಯಪಡಲಿಲ್ಲ. ಒಂದು ಬೆಣೆಯನ್ನು ಬೆರಳ ನಡುವೆ ತಿರುಗಿಸುತ್ತ, "ಗೊತ್ತು," ಎಂದ. "ಎರಡನೇ ವರ್ಷಾನೇ ಗೊತ್ತಾಯ್ತು. ಹೇಳ್ಲಿಲ್ಲ." ಯಾಕೆಂದು ಅವಳು ಕೇಳದಿದ್ದರೂ ಅವನು ಹೇಳಿದ, ಬಿಟ್ಟು ಬಿಟ್ಟು, ಮರದ ಗಂಟಿಗೆ ಉಳಿ ಹಾಯಿಸುವಂತೆ. "ನಮ್ಮಪ್ಪ ಸಾಯೋವರೆಗೂ ನನ್ನ ಒಂದಿನಾನೂ ಬಡಗಿ ಅನ್ಲಿಲ್ಲ. 'ನನ್ಮಗ, ಸುತ್ತಿಗೆ ಹಿಡ್ಕೊಂಡು ಓಡಾಡ್ತಾನೆ' ಅಂತಿದ್ರು. ಇಲ್ಲಿ ಮೂರು ವಾರ ಎಲ್ಲೆಲ್ಲಿನ ಊರಿನವರೋ ಬಂದು ಬಡಗಿಯವರೇ, ಬಡಗಿಯವರೇ ಅಂತಾರೆ. ನಿಮ್ಮಮ್ಮಾನೂ ಅಂತಾಳೆ. ಖುಷಿಯಾಗ್ತಿತ್ತು. ಅದೊಂದು ಆಸೆಗೆ ಇಟ್ಕೊಂಡೆ." ಬೆಣೆಯನ್ನು ಜೇಬಿಗಿಳಿಸಿ, "ಬಾವಿ ಹತ್ರ ಬಿದ್ದೆಯಲ್ಲ, ಅವತ್ತು ತಿರುಗಬೇಕಿತ್ತು. ಆಗಿನ್ನೂ ನಿಜವಾದ ನಿಯಮ ಅಂತಲೇ ಅಂದ್ಕೊಂಡಿದ್ದೆ. ಆದ್ರೂ ತಿರುಗಬೇಕಿತ್ತು." ಅಜ್ಜಿ ಲೋಟ ಎತ್ತಿಕೊಂಡು ಆ ನೀರನ್ನು ಪೂರ್ತಿ ಕುಡಿದುಬಿಟ್ಟಳು. ಹೊರಗೆ ಅಮ್ಮ ಒಬ್ಬಳೇ ಹಾಸಿಗೆ ಬಟ್ಟೆ ಜಾಡಿಸುವ ಸದ್ದು, ಪಟಾರನೆ, ಒಂದರ ಹಿಂದೆ ಒಂದು. ಅವಳಿಗೆ ಆಗಲೇ ಅಪ್ಪ ಎನ್ನಬೇಕೆನಿಸಿತು. ಬಾಯಿ ತನಕ ಬಂತು. ಆದರೆ ಆ ಮಾತು ಹೇಳಿದ್ದು ಎಲ್ಲರೆದುರು. ಇಲ್ಲಿ ಮೂವರೇ ಇರುವಾಗ ತೀರಿಸಿಬಿಟ್ಟರೆ ಅದು ಅಗ್ಗವಾಗುತ್ತದೆ ಎನಿಸಿ ನುಂಗಿಕೊಂಡಳು.

ಬಸ್ಸು ಹತ್ತಕ್ಕೆ ಬದಲು ಹತ್ತೂವರೆಗೆ ಬಂತು. ಅಜ್ಜಿಯನ್ನು ಕೋಣೆಯಿಂದ ಹೊರಡಿಸಲು ಆ ಅರ್ಧ ಗಂಟೆ ಬೇಕೇ ಇತ್ತು. ಬಂದವರು ಚೀಲಗಳನ್ನು ಜಗುಲಿಯಲ್ಲಿಟ್ಟು, ಹಾಲಿಗೆ ನುಗ್ಗಿ, ಬೆಂಚುಗಳ ಮೇಲೆ ಕೂತರು, ಕೆಲವರು ಎರಡೂ ಕೈಯೂರಿ, ಒಬ್ಬ ದಪ್ಪ ಮನುಷ್ಯ ದೊಪ್ಪನೆ, ಯಾವುದೂ ಅಲುಗಲಿಲ್ಲ. ಅವಳು ಚೀಟಿ ಹಿಡಿದು ಎದುರು ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಸೌಟು. ಹಿಂದಿನ ಬಾಗಿಲಲ್ಲಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಅಪ್ಪ. ಅದೇ ಅಂಗಿ, ಕಂಕುಳಲ್ಲಿ ಹೊಸ ಹೊಲಿಗೆ, ಕಿವಿಯ ಮೇಲೆ ಪೆನ್ಸಿಲ್. ತಂಡದ ಮುಖ್ಯಸ್ಥೆ ಬೆಂಚನ್ನು ತಟ್ಟಿ, "ಎಷ್ಟು ಗಟ್ಟಿಯಾಗಿದೆ. ಹೋದ ತಂಡದವರು ಮಾಡಿದ್ದಾ?" ಎಂದು ಕೇಳಿದರು. ಪ್ರತಿ ಸಲ ಹೌದು ಎನ್ನುವುದು ರೂಢಿ.

"ಹೌದು, ಅವರೇ ಮಾಡಿದ್ದು," ಎಂದಳು. "ಅಲುಗದ ಹಾಗೆ ಮಾಡಿದ್ದು ಅಲ್ಲಿ ಬಾಗಿಲಲ್ಲಿ ನಿಂತಿದ್ದಾರಲ್ಲ, ಅವರು." ಹಿಂದಿನ ಸಾಲಿನವರು ಕಿವಿಗೆ ಕೈ ಹಚ್ಚಿದರು. ಅವಳು ಚೀಟಿಯನ್ನು ಮಡಿಸಿದಳು. ಆವತ್ತು ಆ ಮೂರು ಪದಗಳಿಗೆ ಬಂದಿದ್ದ ದನಿ ಎಲ್ಲೋ ಒಳಗೆ ಇದ್ದೇ ಇತ್ತಲ್ಲ. ಅದನ್ನೇ ಹುಡುಕಿ ತೆಗೆದಳು. "ಅವರು ಇಲ್ಲಿಯ ಬಡಗಿ. ನೀವು ಮೂರು ವಾರ ಅವರನ್ನ ಬಡಗಿಯವರೇ ಅಂತಲೇ ಕರೀಬೇಕು, ಅವರಿಗೆ ಅದು ಇಷ್ಟ. ನಾನು ಮಾತ್ರ ಹಾಗೆ ಕರೆಯೋದಿಲ್ಲ. ಅವರು ನಮ್ಮಪ್ಪ."

ಇಪ್ಪತ್ತಾರು ತಲೆಗಳು ಹಿಂದಕ್ಕೆ ತಿರುಗಿದವು. ಅಪ್ಪ ಅಷ್ಟು ಕಣ್ಣುಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಬಾಗಿಲ ಚೌಕಟ್ಟಿನ ಕೀಲನ್ನು ಪರೀಕ್ಷಿಸತೊಡಗಿದ. ಮುಂದಿನ ಸಾಲಿನ ತುದಿಯಲ್ಲಿ, ಇಪ್ಪತ್ತನಾಲ್ಕನೆಯ ಬೆಂಚಿನ ಮೇಲೆ ಅತಿಥಿಗಳ ನಡುವೆ ಆರಾಮವಾಗಿ ಕೂತಿದ್ದ ಅಜ್ಜಿ, ಪಕ್ಕದ ಹೆಂಗಸಿನ ಕಡೆ ಬಾಗಿ, "ಅದು ನನ್ಮಗ. ಇದು ನನ್ನ ಮೊಮ್ಮಗಳು. ನೀವು ಕೂತಿರೋದು ಇವಳು ಮಾಡಿದ್ದು," ಎಂದು ಹೇಳುವುದು ಎಲ್ಲರಿಗೂ ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ, ಬಸ್ಸು ಇನ್ನೂ ಗೇಟಿನಲ್ಲೇ ನಿಂತಿರುವಾಗ, ಅಮ್ಮ ಕರೆದಳು:

"ರೀ, ಟ್ಯಾಂಕಿನ ಮುಚ್ಚಳ ಇನ್ನೂ ಹಾಕಿಲ್ಲ."

ಅಪ್ಪನ ಬೆನ್ನು ಒಂದು ಗಳಿಗೆ ಗಟ್ಟಿಯಾಯಿತು. ಆಮೇಲೆ ಅವನು ತಿರುಗಿದ.

"ಬಂದೆ," ಎಂದ.